ಮತ್ತೆ ಬರದ ಗಿರಾಕಿಯ ಮಾತು

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಹೊಯ್ಸಳರ ಗುಡಿಗಳಿರುವ ಊರುಗಳು. ಮೂರರಲ್ಲೂ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಇಡ್ಲಿ-ವಡೆಯ ಹೋಟೆಲುಗಳು, ಮಧ್ಯಾಹ್ನದ ಊಟದ ಹೋಟೆಲುಗಳು, ಮುದ್ದೆ-ಸಾರಿನ ಮಿಲಿಟ್ರಿ ಹೋಟೆಲುಗಳು ಇದ್ದೇ ಇರುತ್ತವೆ. ಆದರೆ ಒಂದು ವಿಷಯದಲ್ಲಿ ಅರಸೀಕೆರೆ ಒಂದು ಕಡೆಗಾದರೆ ಬೇಲೂರು-ಹಳೇಬೀಡು ಇನ್ನೊಂದು ಕಡೆಗೆ ನಿಲ್ಲುತ್ತವೆ. ಅರಸೀಕೆರೆಯ ಹೋಟೆಲಿನಲ್ಲಿ ತಿಂಡಿಗೆ ಕೂತವರಲ್ಲಿ ಹೆಚ್ಚಿನವರು ನಾಳೆಯೋ ಮುಂದಿನ ವಾರವೋ ಮತ್ತೆ ಬರುವವರು. ಗುಡಿ ನೋಡಿಕೊಂಡು ಬೇಲೂರಿನಲ್ಲೋ ಹಳೇಬೀಡಿನಲ್ಲೋ ಊಟಕ್ಕೆ ಕೂತವರಲ್ಲಿ ಬಹುಪಾಲು ಜನ ಆ ಊರಿಗೆ ಇನ್ನೊಮ್ಮೆ ಬರುವುದು ಯಾವಾಗಲೋ, ಬಂದರೂ ಅದೇ ಹೋಟೆಲಿಗೆ ಬರುತ್ತಾರೆಂಬ ಭರವಸೆ ಇಲ್ಲ. ಹೋಟೆಲಿನ ರುಚಿ, ಶುಚಿ, ಬೆಲೆ ಮೂರರ ಮೇಲೂ ಈ ವ್ಯತ್ಯಾಸದ ಪರಿಣಾಮ ದೊಡ್ಡದು. ಪ್ರವಾಸಿಗರನ್ನೇ ನೆಚ್ಚಿದ ಊರಿನಲ್ಲಿ ಒಳ್ಳೆಯ ಹೋಟೆಲು ಉಳಿಯಬೇಕಾದರೆ, ಕೆಟ್ಟದ್ದು ಸುಧಾರಿಸಬೇಕಾದರೆ, ಉಂಡುಹೋದವರು ಮುಂದೆ ಬರುವವರಿಗೆ ಹೇಳುವ ಮಾತಿಗಿಂತ ಹೆಚ್ಚಿನ ಬಲ ಬೇರೆ ಯಾವುದಕ್ಕೂ ಇಲ್ಲ. ಆ ಮಾತು ವಿವರವಾಗಿರಬೇಕು, ನ್ಯಾಯವಾಗಿರಬೇಕು. ಹಾಗಿದ್ದರೆ ಅದು ಊರಿಗೆ ಮಾಡುವ ಉಪಕಾರ.

ಮೊದಲು ಅರಸೀಕೆರೆಯನ್ನು ನೋಡೋಣ. ಇದು ತೆಂಗಿನ ಸೀಮೆಯ ದೊಡ್ಡ ಪೇಟೆ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಹಳಿ ಹಾಸನದತ್ತ ಕವಲೊಡೆಯುವ ಜಂಕ್ಷನ್ ಕೂಡ ಹೌದು. ಕಾಯಿ, ಕೊಬ್ಬರಿ ತರುವ ರೈತರು, ಮಂಡಿಯವರು, ಮೂಟೆ ಹೊರುವ ಹಮಾಲರು, ರೈಲ್ವೆ ನೌಕರರು, ಕಾಗದಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಬರುವ ಹಳ್ಳಿಯವರು, ಬಸ್ ಪಾಸ್ ಇಟ್ಟುಕೊಂಡು ದಿನಾ ಓಡಾಡುವ ಕಾಲೇಜು ಹುಡುಗರು: ಇಲ್ಲಿನ ಹೋಟೆಲುಗಳ ವ್ಯಾಪಾರ ನಡೆಯುವುದು ಇವರಿಂದ. ಸಾಂಬಾರಿಗೆ ನೀರು ಹೆಚ್ಚಾದರೆ, ಚಟ್ನಿ ಹುಳಿ ಬಂದಿದ್ದರೆ ಇವರ ಬಾಯಿಂದ ಗಲ್ಲಾದ ಮುಂದೆಯೇ ಮಾತು ಬರುತ್ತದೆ: ‘ಏನ್ ಯಜಮಾನ್ರೇ, ಇವತ್ತು ಸಾಂಬಾರ್ ನೀರಾಗೈತಲ್ಲ.’ ಮಾತಾಡದವರೂ ಮರುದಿನ ಎದುರಿನ ಹೋಟೆಲಿಗೆ ಹೋಗಿ ತಮ್ಮ ತೀರ್ಪು ತಿಳಿಸುತ್ತಾರೆ. ಒಂದು ವಾರ ಅಡುಗೆ ಕೆಟ್ಟರೆ ಗಲ್ಲಾಪೆಟ್ಟಿಗೆ ಅದನ್ನು ಹೇಳಿಬಿಡುತ್ತದೆ. ಇಂಥ ಕಡೆ ಒಬ್ಬರು ಇನ್ನೊಬ್ಬರಿಗೆ ಶಿಫಾರಸು ಮಾಡದಿದ್ದರೂ ಲೆಕ್ಕ ತಪ್ಪುವುದಿಲ್ಲ. ಮತ್ತೆ ಬರುವುದು, ಬರದೇ ಇರುವುದು, ಇವೆರಡೇ ಸಾಕು.

ಬೇಲೂರು-ಹಳೇಬೀಡಿನ ಕಥೆ ಬೇರೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅಲ್ಲಿಂದ ಸುಮಾರು 16 ಕಿಲೋಮೀಟರ್ ದೂರದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಇವೆರಡನ್ನೂ ಸೋಮನಾಥಪುರದ ಕೇಶವ ದೇವಾಲಯವನ್ನೂ ಸೇರಿಸಿ ಯುನೆಸ್ಕೊ 2023ರ ಸೆಪ್ಟೆಂಬರ್ 18ರಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದಿಂದ ಆ ಪಟ್ಟಿ ಸೇರಿದ 42ನೆಯ ತಾಣ ಅದು. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು, ಮೂರು ದಿನ ರಜೆ ಕೂಡಿಬಂತೆಂದರೆ ಚಿಕ್ಕಮಗಳೂರಿನ ಕಡೆಗೆ ಹೊರಟ ಕಾರುಗಳು, ವರ್ಷವಿಡೀ ಬೇರೆ ರಾಜ್ಯಗಳ ಮತ್ತು ವಿದೇಶದ ಪ್ರವಾಸಿಗರು. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಗೆ ಮುಂದಿನ ಊರು ಎಂಬುದು ಬಹುಪಾಲು ಜನರ ಲೆಕ್ಕಾಚಾರ. ನಡುವೆ ಸಿಕ್ಕ ಒಂದು ಗಂಟೆಯಲ್ಲಿ ಊಟ. ಹಸಿದ ಮಕ್ಕಳು, ಕಾಯುತ್ತಿರುವ ಡ್ರೈವರ್, ಗೊತ್ತಿಲ್ಲದ ಊರು. ಎದುರಿಗೆ ಕಂಡ ಬೋರ್ಡು ನೋಡಿ ಒಳಗೆ ಹೋಗುತ್ತಾರೆ. ಊಟ ಹೇಗಿದ್ದರೂ ದುಡ್ಡು ಕೊಟ್ಟು ಹೊರಡುತ್ತಾರೆ. ಇವತ್ತು ಚೆನ್ನಾಗಿ ಬಡಿಸಿದ ಹೋಟೆಲಿಗೂ, ನಿನ್ನೆಯ ಪಲ್ಯವನ್ನು ಬಿಸಿ ಮಾಡಿ ಬಡಿಸಿದ ಹೋಟೆಲಿಗೂ ನಾಳೆ ಬರುವ ಬಸ್ಸಿನ ಗಿರಾಕಿಗಳು ಅಷ್ಟೇ ಜನ. ಹೀಗಿರುವಾಗ ಒಳ್ಳೆಯ ಎಣ್ಣೆ, ಹೊಸ ತರಕಾರಿ, ಒಬ್ಬ ಹೆಚ್ಚಿನ ಕೆಲಸಗಾರ ಇವಕ್ಕೆ ಖರ್ಚು ಮಾಡುವ ಮಾಲೀಕರು ತಮ್ಮ ಮನಸ್ಸಾಕ್ಷಿಯ ಬಲದಿಂದ ಮಾಡುತ್ತಾರೆಯೇ ಹೊರತು ವ್ಯಾಪಾರ ಅದಕ್ಕೆ ಕೂಡಲೇ ಪ್ರತಿಫಲ ಕೊಡುವುದಿಲ್ಲ. ಅಂಥ ಮಾಲೀಕರಿದ್ದಾರೆ. ಮನಸ್ಸಾಕ್ಷಿಯ ಜೊತೆ ನಷ್ಟವನ್ನೂ ಹೊತ್ತುಕೊಳ್ಳಿ ಎಂದು ಅವರಿಗೆ ಹೇಳುವುದು ಮಾತ್ರ ನ್ಯಾಯವಲ್ಲ.

ಇದು ಊಹೆಯ ಮಾತಲ್ಲ. ಅಮೆರಿಕದ ಲಾಸ್ ಏಂಜಲೀಸ್ ಪ್ರಾಂತದಲ್ಲಿ 1998ರಲ್ಲಿ ಒಂದು ನಿಯಮ ಬಂತು. ಆರೋಗ್ಯ ಇಲಾಖೆಯವರು ಹೋಟೆಲಿನ ಶುಚಿತ್ವವನ್ನು ಪರೀಕ್ಷಿಸಿ ಎ, ಬಿ, ಸಿ ಎಂಬ ದರ್ಜೆ ಕೊಡುತ್ತಾರೆ. ಆ ಚೀಟಿಯನ್ನು ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಜಿಂಜರ್ ಜಿನ್ ಮತ್ತು ಫಿಲಿಪ್ ಲೆಸ್ಲಿ ಎಂಬ ಅರ್ಥಶಾಸ್ತ್ರಜ್ಞರು ಆ ಪ್ರಾಂತದ ಹೋಟೆಲುಗಳ ಶುಚಿತ್ವದ ಅಂಕಗಳನ್ನು ವಿಶ್ಲೇಷಿಸಿ 2009ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂಟಿ ಹೋಟೆಲುಗಳ ಶುಚಿತ್ವ ಆ ಪ್ರದೇಶದಲ್ಲಿ ಪದೇ ಪದೇ ಬರುವ ಗಿರಾಕಿಗಳು ಎಷ್ಟಿದ್ದಾರೆ ಎಂಬುದರ ಮೇಲೂ ನಿಂತಿತ್ತು. ಹಲವು ಊರುಗಳಲ್ಲಿ ಒಂದೇ ಹೆಸರಿನಲ್ಲಿ ನಡೆಯುವ ಹೋಟೆಲುಗಳಿಗೆ ಆ ಹೆಸರಿನ ಮಾನ ಕಾಯುವ ಒತ್ತಡ ಇತ್ತು. ಇಷ್ಟಿದ್ದರೂ ದರ್ಜೆಯ ಚೀಟಿ ಬಾಗಿಲಿಗೆ ಬಂದ ಮೇಲೆ ಶುಚಿತ್ವ ಇನ್ನಷ್ಟು ಸುಧಾರಿಸಿತು. ಅಂದರೆ ಒಳಗಿನ ಸ್ಥಿತಿ ಹೊರಗಿನವರಿಗೆ ತಿಳಿಯುತ್ತದೆ ಎಂದಾದಾಗ ಅಡುಗೆಮನೆ ಬದಲಾಗುತ್ತದೆ. ಬೇಲೂರಿನ ಹೋಟೆಲಿನ ಮುಂದೆ ಅಂಥ ಚೀಟಿ ಇಲ್ಲ. ಆ ಚೀಟಿಯ ಕೆಲಸವನ್ನು ಸ್ವಲ್ಪಮಟ್ಟಿಗಾದರೂ ಮಾಡಬಲ್ಲದ್ದು ಉಂಡವರ ಮಾತು.

ಊಟದ ಶಿಫಾರಸು ಹೊಸ ಕಾಲದ ಚಾಳಿಯೂ ಅಲ್ಲ. ಬೆಂಗಳೂರು-ಮೈಸೂರು ರೈಲಿನ ಮದ್ದೂರು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರು 1917ರಲ್ಲಿ ಮದ್ದೂರು ವಡೆ ಮಾಡತೊಡಗಿದರು ಎಂದು ಹೇಳಲಾಗುತ್ತದೆ. ಆ ವಡೆಯನ್ನು ನಾಡಿಗೆ ಪರಿಚಯಿಸಿದ್ದು ರೈಲಿನ ಪ್ರಯಾಣಿಕರ ಬಾಯಿಮಾತು. ಕರಾವಳಿಯಿಂದ ಹೊರಟವರು ಊರೂರಿನಲ್ಲಿ ತೆರೆದ ಸಸ್ಯಾಹಾರಿ ಹೋಟೆಲುಗಳಿಗೆ ‘ಉಡುಪಿ’ ಎಂಬ ಹೆಸರೇ ಒಂದು ಶಿಫಾರಸು ಪತ್ರವಾಯಿತು. ಗೊತ್ತಿಲ್ಲದ ಊರಿನಲ್ಲಿ ಆ ಬೋರ್ಡು ಕಂಡರೆ ಏನು ಸಿಗುತ್ತದೆ, ಹೇಗಿರುತ್ತದೆ ಎಂಬ ಅಂದಾಜು ಪ್ರಯಾಣಿಕರಿಗೆ ಸಿಗುತ್ತಿತ್ತು. ಫ್ರಾನ್ಸಿನಲ್ಲಿ ಮಿಷೆಲಿನ್ ಟೈರ್ ಕಂಪನಿ 1900ರಲ್ಲಿ ಕಾರು ಓಡಿಸುವವರಿಗಾಗಿ ಒಂದು ಕೈಪಿಡಿ ಹೊರತಂದಿತು. 1926ರಿಂದ ಅದರಲ್ಲಿ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡುವ ಪದ್ಧತಿ ಶುರುವಾಯಿತು. ಜನ ಹೆಚ್ಚು ಓಡಾಡಿದರೆ ಟೈರು ಹೆಚ್ಚು ಸವೆಯುತ್ತದೆ ಎಂಬುದು ಕಂಪನಿಯ ಲಾಭ. ಆದರೂ ಪರೀಕ್ಷಕರು ತಮ್ಮ ಗುರುತು ಹೇಳದೆ, ಬಿಲ್ಲು ತಾವೇ ಕೊಟ್ಟು ಉಣ್ಣುವ ಶಿಸ್ತಿನಿಂದಾಗಿ ಅದರ ಮಾತಿಗೆ ತೂಕ ಬಂತು. ನಮ್ಮ ಪ್ರವಾಸಿ ಊರುಗಳಲ್ಲಿ ಬಹುಕಾಲ ಆ ಜಾಗದಲ್ಲಿದ್ದವರು ಡ್ರೈವರುಗಳು, ಗೈಡುಗಳು. ರಸ್ತೆಯ ಹೋಟೆಲುಗಳ ಬಗ್ಗೆ ಅವರಷ್ಟು ತಿಳಿದವರು ಇಲ್ಲ. ಆದರೆ ಬಸ್ಸು ತಂದು ನಿಲ್ಲಿಸಿದ ಡ್ರೈವರಿಗೆ ಊಟ ಪುಕ್ಕಟೆ ಕೊಡುವುದು ಹೆದ್ದಾರಿ ಹೋಟೆಲುಗಳ ಹಳೆಯ ವಾಡಿಕೆ. ಊಟ ಬಿಟ್ಟಿ ಸಿಗುವ ಕಡೆ ಅವರು ಕೊಡುವ ಸಲಹೆಯಲ್ಲಿ ಗಿರಾಕಿಯ ಹಿತ ಎಷ್ಟು, ಬೇರೆಯದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ದುಡ್ಡು ಕೊಟ್ಟು ಉಂಡವರ ಮಾತು ಈ ಕಾರಣಕ್ಕೇ ಮುಖ್ಯ.

ಈ ಮಾತಿನ ಬಲವನ್ನು ಅಳೆದು ನೋಡಿದವರೂ ಇದ್ದಾರೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಸಿಯಾಟಲ್ ನಗರದ ಹೋಟೆಲುಗಳ ವಹಿವಾಟನ್ನೂ ಗಿರಾಕಿಗಳು ಯೆಲ್ಪ್ ಎಂಬ ತಾಣದಲ್ಲಿ ಕೊಟ್ಟ ಸ್ಟಾರುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದು ಸ್ಟಾರ್ ಹೆಚ್ಚಾದರೆ ಹೋಟೆಲಿನ ವಹಿವಾಟು ಶೇ 5ರಿಂದ 9ರಷ್ಟು ಏರುತ್ತಿತ್ತು. ಈ ಏರಿಕೆ ಕಂಡುಬಂದದ್ದು ಸ್ವತಂತ್ರ ಹೋಟೆಲುಗಳಲ್ಲಿ. ದೊಡ್ಡ ಕಂಪನಿಗಳ ಸರಣಿ ಹೋಟೆಲುಗಳಿಗೆ ಇದರಿಂದ ವ್ಯತ್ಯಾಸವಾಗಲಿಲ್ಲ. ಕಾರಣ ಸರಳ. ಹೆಸರಾಂತ ಸರಣಿಯ ಪಿಜ್ಜಾ ಎಲ್ಲಿ ತಿಂದರೂ ಹೇಗಿರುತ್ತದೆಂದು ಜನರಿಗೆ ಮೊದಲೇ ಗೊತ್ತು. ಹಳೇಬೀಡಿನ ರಸ್ತೆ ಬದಿಯ ಹೋಟೆಲಿನ ಅಕ್ಕಿರೊಟ್ಟಿ ಹೇಗಿರುತ್ತದೆಂದು ಹೊರಗಿನವರಿಗೆ ಗೊತ್ತಿಲ್ಲ, ಯಾರಾದರೂ ಹೇಳಬೇಕು. ಜನ ಮಾತಾಡದಿದ್ದರೆ ಪ್ರವಾಸಿಗರು ಪರಿಚಿತ ಬೋರ್ಡಿನ ಕಡೆಗೇ ಹೋಗುತ್ತಾರೆ. ನಮ್ಮ ಮೌನದ ಲಾಭ ದೊಡ್ಡ ಹೆಸರಿಗೆ, ನಷ್ಟ ಒಳ್ಳೆಯ ಅಡುಗೆ ಮಾಡುವ ಸಣ್ಣ ಮನೆತನಕ್ಕೆ.

ಹಾಗಾದರೆ ಎಂಥ ಮಾತು ಉಪಯೋಗಕ್ಕೆ ಬರುತ್ತದೆ? ‘ಸೂಪರ್’, ‘ಪರವಾಗಿಲ್ಲ’, ‘ದಂಡ’ ಎಂಬ ಒಂದೊಂದು ಪದದಿಂದ, ಐದರಲ್ಲಿ ನಾಲ್ಕು ಸ್ಟಾರಿನಿಂದ ಮುಂದಿನವರಿಗೆ ತಿಳಿಯುವುದು ಬಹಳ ಕಡಿಮೆ. ಯಾವ ಹೊತ್ತಿಗೆ ಹೋಗಿದ್ದಿರಿ ಎಂಬುದು ಮೊದಲ ವಿವರ. ಬೆಳಿಗ್ಗೆ ಏಳೂವರೆಗೆ ಹಬೆಯಾಡುವ ಇಡ್ಲಿ ಕೊಡುವ ಹೋಟೆಲೇ ಮಧ್ಯಾಹ್ನ ಮೂರಕ್ಕೆ ತಣಿದ ಅನ್ನ ಬಡಿಸಬಹುದು. ವಾರದ ದಿನವೋ, ರಜೆಯ ನೂಕುನುಗ್ಗಲಿನ ದಿನವೋ ಎಂಬುದು ಎರಡನೆಯದು. ಏನು ತಿಂದಿರಿ, ಎಷ್ಟು ಕೊಟ್ಟಿರಿ, ಬೆಲೆಯ ಪಟ್ಟಿ ಕಾಣುವಂತೆ ಹಾಕಿದ್ದಾರೆಯೇ, ಊಟಕ್ಕೆ ಅನ್ನ-ಸಾಂಬಾರು ಮತ್ತೆ ಬಡಿಸುತ್ತಾರೆಯೇ, ಕುಡಿಯಲು ಕಾಯಿಸಿದ ನೀರಿದೆಯೇ ಅಥವಾ ಬಾಟಲಿ ಕೊಳ್ಳಲೇಬೇಕೇ, ಕೈ ತೊಳೆಯುವ ಕಡೆ ಸೋಪು ಇದೆಯೇ, ಹೆಂಗಸರು ಮಕ್ಕಳು ಬಳಸಬಹುದಾದ ಟಾಯ್ಲೆಟ್ ಇದೆಯೇ, ವಯಸ್ಸಾದವರು ಮೆಟ್ಟಿಲು ಹತ್ತಬೇಕೇ: ಇವು ಊರಿಗೆ ಹೊಸಬರಾದವರಿಗೆ ರುಚಿಯಷ್ಟೇ ಬೇಕಾದ ಸಂಗತಿಗಳು. ಸಸ್ಯಾಹಾರಿಗಳಿಗೆ, ಸಕ್ಕರೆ ಕಾಯಿಲೆಯವರಿಗೆ, ಐವತ್ತು ಮಕ್ಕಳನ್ನು ಕರೆತಂದ ಮೇಷ್ಟರಿಗೆ ಬೇಕಾದ ಹೋಟೆಲು ಒಂದೇ ಆಗಿರುವುದಿಲ್ಲ. ಯಾರಿಗೆ ಹೊಂದುತ್ತದೆ ಎಂದು ಹೇಳಿದ ಶಿಫಾರಸು ಹತ್ತು ಹೊಗಳಿಕೆಗಿಂತ ಮೇಲು.

ವಿವರದ ಮಾತಿಗೆ ಇನ್ನೊಂದು ಗುಣವಿದೆ: ಅದು ಊರಿನ ಅಡುಗೆಯನ್ನು ಉಳಿಸುತ್ತದೆ. ಹಾಸನ ಸೀಮೆಯಲ್ಲಿ ಬಯಲುಸೀಮೆಯೂ ಮಲೆನಾಡೂ ಕೂಡುತ್ತವೆ. ಅರಸೀಕೆರೆಯ ಕಡೆ ರಾಗಿ, ತೆಂಗು. ಬೇಲೂರಿನಿಂದ ಪಶ್ಚಿಮಕ್ಕೆ ಹೋದಂತೆ ಭತ್ತ, ಕಾಫಿ, ಏಲಕ್ಕಿ, ಮೆಣಸು. ರಾಜ್ಯದಲ್ಲಿ ಆಲೂಗಡ್ಡೆಗೆ ಹೆಸರಾದ ಜಿಲ್ಲೆ ಇದು. ಮುದ್ದೆಗೆ ಉಪ್ಸಾರು, ಬಸ್ಸಾರು, ಹುರುಳಿಕಾಳಿನ ಸಾರು, ಚಳಿಗಾಲದಲ್ಲಿ ಅವರೆಕಾಳಿನ ಸಾರು, ಹಿತಕಿದ ಬೇಳೆ, ಅಕ್ಕಿರೊಟ್ಟಿಗೆ ಕಾಯಿಚಟ್ನಿ, ಎಣ್ಣೆಗಾಯಿ, ಮಲೆನಾಡಿನ ಕಡುಬು, ನಾಟಿಕೋಳಿ ಸಾರು. ಇದು ಇಲ್ಲಿಯ ಮನೆಗಳಲ್ಲಿ ನಿತ್ಯ ಬೇಯುವ ಅಡುಗೆ. ಆದರೆ ಹೋಟೆಲು ಮಾಡುವುದು ಗಿರಾಕಿ ಕೇಳಿದ್ದನ್ನು. ಹೊರಗಿನಿಂದ ಬಂದವರು ತಮಗೆ ಹೆಸರು ಗೊತ್ತಿರುವುದನ್ನೇ ಕೇಳುತ್ತಾರೆ: ಗೋಬಿ ಮಂಚೂರಿ, ಫ್ರೈಡ್ ರೈಸ್, ಪನೀರ್, ರೋಟಿ. ಎಲ್ಲ ಪ್ರವಾಸಿ ಊರುಗಳ ಮೆನು ಒಂದೇ ರೀತಿ ಆಗುವುದು ಹೀಗೆ. ಇಂಥ ಊರಿನ ಇಂಥ ಬೀದಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಮುದ್ದೆ-ಬಸ್ಸಾರು ಸಿಗುತ್ತದೆ, ಮೊದಲ ಸಲ ಉಣ್ಣುವವರಿಗೆ ಮುರಿದು ನುಂಗುವ ಬಗೆಯನ್ನೂ ಹೇಳಿಕೊಡುತ್ತಾರೆ ಎಂದು ಯಾರಾದರೂ ಹೇಳಿದರೆ, ಮುಂದಿನ ವಾರ ನಾಲ್ಕು ಜನ ಅದನ್ನು ಹೆಸರಿಟ್ಟು ಕೇಳುತ್ತಾರೆ. ಕೇಳುವವರು ಬಂದರೆ ಮಾಲೀಕರು ಒಂದು ಪಾತ್ರೆ ಹೆಚ್ಚಿಗೆ ಇಡುತ್ತಾರೆ. ಆ ಪಾತ್ರೆಗೆ ಬೇಕಾದ ರಾಗಿ, ಸೊಪ್ಪು, ಕಾಳು ಪಕ್ಕದ ಹಳ್ಳಿಯಿಂದ ಬರುತ್ತವೆ. ಪರಂಪರೆಯ ಪಟ್ಟಿ ಸೇರಿದ ಗೌರವ ಕಲ್ಲಿಗೆ ಮಾತ್ರ ನಿಲ್ಲದೆ ಊರಿನ ಒಲೆಗೂ ಸಲ್ಲುವ ದಾರಿ ಇದು.

ನಾಲಿಗೆಗೆ ತಿಳಿಯದ ವಿಷಯಗಳೂ ಇವೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 2024ರ ಮಾರ್ಚ್‌ನಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡುಬಂತು. ಅಂಥ ಬಣ್ಣದ ಬಳಕೆಯನ್ನು ಸರ್ಕಾರ ನಿಷೇಧಿಸಿತು. 2025ರ ಫೆಬ್ರುವರಿಯಲ್ಲಿ ರಾಜ್ಯದ 251 ಕಡೆ ತಪಾಸಣೆ ಮಾಡಿದಾಗ 52 ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು. ಈ ಗೋಬಿಯ ಕೆಂಪನ್ನು, ಈ ಇಡ್ಲಿಯ ಮೆದುವನ್ನು ಎಷ್ಟೋ ಜನ ಮೆಚ್ಚಿಯೂ ಇದ್ದರು. ಆದ್ದರಿಂದ ಗಿರಾಕಿಯ ಮಾತು ಇನ್‌ಸ್ಪೆಕ್ಟರರ ಕೆಲಸಕ್ಕೆ ಬದಲಿಯಾಗಲಾರದು, ಜೊತೆಯಾಗಬಲ್ಲದು ಅಷ್ಟೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಹೋಟೆಲು ನಡೆಸಲು ನೋಂದಣಿಯೋ ಪರವಾನಗಿಯೋ ಬೇಕು. ಅದರ 14 ಅಂಕಿಗಳ ಸಂಖ್ಯೆಯನ್ನು 2022ರ ಜನವರಿಯಿಂದ ಬಿಲ್ಲಿನಲ್ಲೂ ಹಾಕಬೇಕು. ಗೋಡೆಯ ಮೇಲೆ ಆ ಸಂಖ್ಯೆ ಇದೆಯೇ, ಅಡುಗೆಮನೆ ಕಾಣುತ್ತದೆಯೇ, ಬಡಿಸುವವರ ಕೈ ಹೇಗಿದೆ, ಕಣ್ಣು ಕುಕ್ಕುವ ಬಣ್ಣ ಇದೆಯೇ: ಕಣ್ಣಿಗೆ ಕಂಡ ಇಂಥ ನಾಲ್ಕು ವಿಷಯಗಳನ್ನು ರುಚಿಯ ಜೊತೆಗೆ ಹೇಳಬಹುದು. ಕಾಣದ್ದನ್ನು ಹೇಳಬಾರದು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಲೋಕೋ ಭಿನ್ನ ರುಚಿಃ ಎಂದ ಮೇಲೆ ಒಬ್ಬರ ನಾಲಿಗೆಯನ್ನು ನಂಬಿ ಇನ್ನೊಬ್ಬರು ಹೋಗುವುದೇಕೆ ಎಂಬುದು ಮೊದಲನೆಯದು. ಮಂಗಳೂರಿನವರಿಗೆ ಅರಸೀಕೆರೆಯ ಸಾರು ಖಾರ, ಹುಬ್ಬಳ್ಳಿಯವರಿಗೆ ಅದೇ ಸಾರು ಸಪ್ಪೆ ಎನ್ನಿಸಬಹುದು, ನಿಜ. ಆದರೆ ಖಾರ ಎಷ್ಟಿರಬೇಕೆಂಬುದು ರುಚಿಯ ಪ್ರಶ್ನೆ. ಅನ್ನ ಬಿಸಿಯಿತ್ತೇ, ಎಣ್ಣೆ ಕಮಟಾಗಿತ್ತೇ, ಲೋಟ ತೊಳೆದಿತ್ತೇ, ಪಟ್ಟಿಯ ಬೆಲೆಗೂ ಬಿಲ್ಲಿನ ಬೆಲೆಗೂ ತಾಳೆಯಿತ್ತೇ ಎಂಬುದು ರುಚಿಯ ಪ್ರಶ್ನೆಯಲ್ಲ. ಇವುಗಳ ಬಗ್ಗೆ ಹತ್ತು ಊರಿನ ಹತ್ತು ಜನ ಒಂದೇ ಮಾತು ಹೇಳಬಲ್ಲರು. ಮೊದಲನೆಯದನ್ನು ‘ನನಗೆ ಖಾರವೆನಿಸಿತು’ ಎಂದು ತನ್ನದಾಗಿ ಹೇಳಿ, ಎರಡನೆಯದನ್ನು ಕಂಡಂತೆ ಹೇಳಿದರೆ ಭಿನ್ನ ರುಚಿ ತೊಂದರೆ ಮಾಡುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಭಾರವಾದದ್ದು. ಸಣ್ಣ ಊರಿನ ಹೋಟೆಲೆಂದರೆ ಬಹಳ ಸಲ ಒಂದು ಸಂಸಾರದ ಅನ್ನ. ಗಂಡ ಗಲ್ಲಾದಲ್ಲಿ, ಹೆಂಡತಿ ಒಲೆಯ ಮುಂದೆ, ಓದುವ ಮಕ್ಕಳು ರಜೆಯಲ್ಲಿ ಬಡಿಸುವುದಕ್ಕೆ. ಒಂದು ದಿನದ ತಪ್ಪನ್ನು ಹಿಡಿದು ಸಾವಿರ ಜನ ಓದುವಂತೆ ಬರೆದರೆ ಆ ಸಂಸಾರ ತತ್ತರಿಸುತ್ತದೆ. ಲೂಕಾ ಅವರ ಲೆಕ್ಕವೂ ಇದನ್ನೇ ಹೇಳುತ್ತದೆ: ಸಣ್ಣ ಹೋಟೆಲಿಗೆ ಮಾತಿನಿಂದ ಲಾಭ ಹೆಚ್ಚೆಂದರೆ, ಅದೇ ಮಾತಿನ ಪೆಟ್ಟೂ ಹೆಚ್ಚು. ಇದಕ್ಕೆ ಉತ್ತರ ಸುಮ್ಮನಿರುವುದಲ್ಲ, ಹೇಳುವ ಕ್ರಮವನ್ನು ಸರಿಮಾಡಿಕೊಳ್ಳುವುದು. ಕೊರತೆ ಕಂಡರೆ ಮೊದಲು ಹೇಳಬೇಕಾದದ್ದು ಮಾಲೀಕರಿಗೆ, ಅಲ್ಲೇ, ಮರ್ಯಾದೆಯಿಂದ. ಅರಸೀಕೆರೆಯ ಗಿರಾಕಿ ಗಲ್ಲಾದ ಮುಂದೆ ಮಾಡುವುದನ್ನು ಬೇಲೂರಿಗೆ ಬಂದವರೂ ಮಾಡಬಹುದು. ಅವರು ತಿದ್ದಿಕೊಂಡರೆ, ಇನ್ನೊಂದು ತಟ್ಟೆ ತಂದುಕೊಟ್ಟರೆ, ಆ ವಿಷಯವೇ ಒಳ್ಳೆಯ ಶಿಫಾರಸು. ಬಡಿಸುವ ಹುಡುಗನ ಹೆಸರು, ಮುಖ, ಮಾಲೀಕರ ಜಾತಿ-ಮತ ಇವು ಊಟದ ಅಭಿಪ್ರಾಯದಲ್ಲಿ ಬರಲೇಬಾರದು. ರಜೆಯ ದಿನ ಇನ್ನೂರು ಜನರ ನಡುವೆ ತಡವಾದದ್ದನ್ನು ಹಾಗೆಯೇ ಹೇಳಬೇಕು. ಅದನ್ನು ಸೋಮಾರಿತನ ಎನ್ನಬಾರದು. ಆದರೆ ಊಟ ಉಂಡು ಹೊಟ್ಟೆ ಕೆಟ್ಟ ಮಗುವಿನ ತಾಯಿಗೂ ಒಂದು ಸಂಸಾರವಿದೆ. ಹಳಸಿದ್ದನ್ನು ಗೊತ್ತಿದ್ದೇ ಬಡಿಸುವ ಕಡೆಯ ಬಗ್ಗೆ ಮರುಕದಿಂದ ಮೌನವಾಗಿದ್ದರೆ, ಪಕ್ಕದಲ್ಲೇ ನಿಯತ್ತಿನಿಂದ ಅಡುಗೆ ಮಾಡುವ ಸಂಸಾರದ ಗಿರಾಕಿಯನ್ನು ಕಿತ್ತು ಇವರಿಗೆ ಕೊಟ್ಟಂತಾಗುತ್ತದೆ.

ಮೂರನೆಯದು ಸುಳ್ಳು ಮಾತಿನ ಹಾವಳಿ. ದುಡ್ಡು ಕೊಟ್ಟು ಹೊಗಳಿಸುವುದು, ಎದುರಾಳಿಯನ್ನು ಬೈಯಿಸುವುದು ಈಗ ಒಂದು ದಂಧೆ. 2017ರಲ್ಲಿ ಲಂಡನ್ನಿನ ಊಬಾ ಬಟ್ಲರ್ ಎಂಬ ಪತ್ರಕರ್ತ, ಇಲ್ಲದ ಹೋಟೆಲೊಂದರ ಬಗ್ಗೆ ಸುಳ್ಳು ಅಭಿಪ್ರಾಯಗಳನ್ನು ಬರೆಯಿಸಿ, ಟ್ರಿಪ್‌ಅಡ್ವೈಸರ್ ಎಂಬ ತಾಣದ ಪಟ್ಟಿಯಲ್ಲಿ ಅದನ್ನು ಆ ಮಹಾನಗರದ ಮೊದಲನೆಯ ಸ್ಥಾನಕ್ಕೆ ಏರಿಸಿ ತೋರಿಸಿದ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ಆನ್‌ಲೈನ್ ಅಭಿಪ್ರಾಯಗಳಿಗೆಂದೇ ಒಂದು ಮಾನದಂಡ ಹೊರಡಿಸಿತು. ಕೊಂಡು ಬರೆಸಿದ ಅಭಿಪ್ರಾಯ ಪ್ರಕಟಿಸಬಾರದು ಎಂಬುದು ಅದರ ಒಂದು ಅಂಶ. ಹಣ ಅಥವಾ ಪುಕ್ಕಟೆ ಊಟ ಪಡೆದು ವಿಡಿಯೊ ಮಾಡುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯ ಮಾರ್ಗಸೂಚಿ ಬಂತು. ನಿಯಮಗಳು ಬೇಕು. ಆದರೆ ಸುಳ್ಳು ಗೆಲ್ಲುವುದು ನಿಜ ಹೇಳುವವರು ಕಡಿಮೆ ಇರುವ ಕಡೆ. ಮಹಾನಗರದ ಹೋಟೆಲಿಗೆ ಸಾವಿರಾರು ಅಭಿಪ್ರಾಯಗಳಿದ್ದರೆ ಇಪ್ಪತ್ತು ಸುಳ್ಳು ಅದರಲ್ಲಿ ಕರಗಿಹೋಗುತ್ತವೆ. ಸಣ್ಣ ಊರಿನ ಹೋಟೆಲಿಗೆ ಇರುವುದೇ ಮೂವತ್ತಾದರೆ ಇಪ್ಪತ್ತು ಸುಳ್ಳು ಚಿತ್ರವನ್ನೇ ತಿರುಚುತ್ತವೆ. ಸುಳ್ಳಿನ ಭಯದಿಂದ ನಿಜ ಹೇಳುವವರು ಹಿಂದೆ ಸರಿಯುವುದರಿಂದ ಆಗುವುದು ಸುಳ್ಳಿನವರಿಗೇ ಅನುಕೂಲ.

ನಾಲ್ಕನೆಯದಾಗಿ, ಹೊಗಳಿಕೆಯೇ ಹೋಟೆಲನ್ನು ಕೆಡಿಸುತ್ತದೆ ಎನ್ನುವವರಿದ್ದಾರೆ. ಎಂಟು ಮೇಜಿನ ಹೋಟೆಲು ಒಂದು ವಿಡಿಯೊದಿಂದ ಹೆಸರಾಗಿ, ವಾರದ ಕೊನೆಯಲ್ಲಿ ಸಾಲುಗಟ್ಟಿದ ಜನಕ್ಕೆ ಅಡುಗೆ ಮಾಡಲಾರದೆ, ನಿತ್ಯದ ಗಿರಾಕಿಗೆ ಜಾಗವಿಲ್ಲದೆ ಹೋಗುವುದು ಉಂಟು. ಇದು ನಡೆಯುವುದು ಎಲ್ಲರೂ ಒಂದೇ ಹೋಟೆಲಿನ ಹೆಸರು ಹೇಳಿದಾಗ. ಒಂದು ಊರಿನ ಆರೆಂಟು ಹೋಟೆಲುಗಳ ಬಗ್ಗೆ ಯಾವುದರಲ್ಲಿ ಯಾವುದು ಚೆನ್ನ ಎಂಬ ಮಾತು ಹರಡಿದರೆ ಜನ ಹಂಚಿಹೋಗುತ್ತಾರೆ: ತಿಂಡಿಗೆ ಒಂದು, ಮುದ್ದೆಗೆ ಇನ್ನೊಂದು, ಕಾಫಿಗೆ ಮತ್ತೊಂದು. ಬೇಲೂರಿನಲ್ಲಿ ಉಂಡು ಹೋಗುವವರಿಗೆ ಹಳೇಬೀಡಿನ ಹೋಟೆಲನ್ನು, ರೈಲಿಳಿದು ಬರುವವರಿಗೆ ಅರಸೀಕೆರೆಯ ತಿಂಡಿಯನ್ನು ಹೇಳಿಕೊಟ್ಟರೆ ಒಂದೇ ಬೀದಿಯ ನೂಕಾಟವೂ ಕಡಿಮೆಯಾಗುತ್ತದೆ. ಇಲ್ಲಿ ಅರಸೀಕೆರೆಯಂಥ ಊರಿನವರ ಮಾತಿಗೆ ವಿಶೇಷ ಬೆಲೆಯಿದೆ. ವರ್ಷಾನುಗಟ್ಟಲೆ ಒಂದೇ ಹೋಟೆಲಿನಲ್ಲಿ ಉಂಡವರ ತೀರ್ಪು ಒಂದು ಸಲ ಉಂಡವರದ್ದಕ್ಕಿಂತ ಗಟ್ಟಿ. ಆದರೆ ಅವರಿಗೆ ತಮ್ಮ ಮಟ್ಟಿಗೆ ಮಾತಿನ ಅಗತ್ಯವಿಲ್ಲದ್ದರಿಂದ ಅದು ಹೊರಗೆ ಬರುವುದೇ ಅಪರೂಪ. ಹಾಸನ ಸೀಮೆಯ ಊರಿನವರು ತಾವು ನಿತ್ಯ ಉಣ್ಣುವ ಜಾಗವನ್ನು ಹೊರಗಿನವರಿಗೆ ಹೇಳಿದರೆ ದೊಡ್ಡ ಕೊರತೆ ತುಂಬುತ್ತದೆ.

ಸರ್ಕಾರದ ಪಾಲೂ ಇದರಲ್ಲಿದೆ. ಹೋಟೆಲುಗಳ ಶುಚಿತ್ವಕ್ಕೆ ರೇಟಿಂಗ್ ಕೊಡುವ ಯೋಜನೆ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಈಗಾಗಲೇ ಇದೆ. ಹೊಯ್ಸಳರ ವಿಶ್ವ ಪರಂಪರೆಯ ತಾಣಗಳಲ್ಲಿ, ಅಂದರೆ ಬೇಲೂರು, ಹಳೇಬೀಡು, ಸೋಮನಾಥಪುರದಲ್ಲಿ, ಅದನ್ನು ಎಲ್ಲ ಹೋಟೆಲುಗಳಿಗೂ ಅನ್ವಯಿಸಿ, ದರ್ಜೆಯನ್ನು ಬಾಗಿಲಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಹಾಕಿಸುವುದು ಅಸಾಧ್ಯದ ಕೆಲಸವಲ್ಲ. ಪ್ರವಾಸೋದ್ಯಮ ನಿಗಮ ಬೇಲೂರಿನಲ್ಲಿ ಮಯೂರ ವೇಲಾಪುರಿಯನ್ನೂ ಹಳೇಬೀಡಿನಲ್ಲಿ ಮಯೂರ ಶಾಂತಲಾವನ್ನೂ ನಡೆಸುತ್ತದೆ. ಸರ್ಕಾರ ಈ ಪದ್ಧತಿಯನ್ನು ತನ್ನ ಮನೆಯಿಂದಲೇ ಶುರು ಮಾಡಬಹುದು. ಅದು ಬರುವವರೆಗೂ, ಬಂದ ಮೇಲೂ, ಉಂಡವರ ಮಾತು ಬೇಕೇ ಬೇಕು, ಏಕೆಂದರೆ ಇನ್‌ಸ್ಪೆಕ್ಟರರು ವರ್ಷಕ್ಕೆ ಕೆಲವೇ ಸಲ ಬಂದರೆ ಗಿರಾಕಿಗಳು ದಿನವೂ ಬರುತ್ತಾರೆ. ಒಂದು ಊರಿಗೆ ಹೋಗಿ ಉಂಡು ಬಂದವರು ಹೊತ್ತು, ತಿನಿಸು, ಬೆಲೆ, ಶುಚಿ, ಯಾರಿಗೆ ಹೊಂದುತ್ತದೆ ಎಂಬ ಐದು ವಿವರಗಳನ್ನು ಐದು ಸಾಲಿನಲ್ಲಿ ಹೇಳಿದರೆ ಸಾಕು. ಅವರು ಆ ಊರಿಗೆ ಮತ್ತೆ ಹೋಗದಿರಬಹುದು, ಆದರೆ ಅವರ ಮಾತು ಕೇಳಿ ಹೋಗುವವರು ನಾಳೆಯೇ ಹೋಗುತ್ತಾರೆ. ಅರಸೀಕೆರೆಯ ಹೋಟೆಲನ್ನು ನಿತ್ಯದ ಗಿರಾಕಿ ಕಾಯುವಂತೆ ಬೇಲೂರು-ಹಳೇಬೀಡಿನ ಹೋಟೆಲನ್ನು ಕಾಯಬೇಕಾದವರು ಹೀಗೆ ಒಬ್ಬರಿಂದ ಒಬ್ಬರಿಗೆ ಮಾತು ದಾಟಿಸುವ ಪ್ರವಾಸಿಗರೇ.